ಆಫೀಸಿನ ಮಿಂಚಂಚೆಗೆ ನಮ್ಮದೇ ಒಂದು ಡಬ್ಬಿ

ಹೊಸ ಕೆಲಸಕ್ಕೆ ಸೇರಿದ ದಿನ ಐಟಿ ವಿಭಾಗದ ಹುಡುಗ ಒಂದು ಚೀಟಿ ಕೈಗಿಡ್ತಾನೆ. ಈಗೀಗ ಚೀಟಿ ಹೋಗಿ ಪಿಡಿಎಫ್ ಬಂದಿದೆ, ಒಳಗಿನ ಸರಕು ಮಾತ್ರ ಅದೇ. ನಿಮ್ಮ ಹೊಸ ಮೇಲ್ ವಿಳಾಸ, ಒಂದು ತಾತ್ಕಾಲಿಕ ಪಾಸ್‌ವರ್ಡು, ಒಳಬರುವ ಸರ್ವರಿನ ಹೆಸರು, ಹೊರಹೋಗುವ ಸರ್ವರಿನ ಹೆಸರು, ಪಕ್ಕದಲ್ಲಿ 993, 465 ಅಂತ ಬಿಎಂಟಿಸಿ ಬಸ್ಸಿನ ನಂಬರಿನ ಥರ ಏನೋ ಅಂಕೆಗಳು. ಬಹುತೇಕರು ಮೊದಲೆರಡು ಸಾಲು ಓದಿ, ಬ್ರೌಸರಿನಲ್ಲಿ ಲಾಗಿನ್ ಆಗಿ, ಚೀಟಿಯನ್ನ ಡ್ರಾಯರಿನೊಳಗೆ ತಳ್ಳಿಬಿಡ್ತಾರೆ. ಉಳಿದ ಸಾಲುಗಳು ಯಾಕಿವೆ ಅಂತ ಕೇಳಿದವರನ್ನ ನಾನು ಕಂಡಿದ್ದು ಕಡಿಮೆ.

ನನ್ನ ಮಟ್ಟಿಗೆ ಆ ಉಳಿದ ಸಾಲುಗಳೇ ಮುಖ್ಯ ಸ್ವಾಮಿ. ಆಫೀಸಿನ ಮೇಲನ್ನ ಬ್ರೌಸರಿನ ಕಿಟಕಿಯಿಂದ ಇಣುಕಿ ನೋಡೋದು ಬೇರೆ, ನಮ್ಮ ಗಣಕದಲ್ಲೇ ಒಂದು ಮೇಲ್ ತಂತ್ರಾಂಶ ಹಾಕ್ಕೊಂಡು ಅದರೊಳಗೆ ಇಳಿಸ್ಕೊಳ್ಳೋದು ಬೇರೆ. ಎರಡನೆಯದನ್ನ ಇವತ್ತಿಗೂ ಮಾಡಬೇಕು ಅನ್ನೋ ಹಳೇ ಕಾಲದ ಜನರಲ್ಲಿ ನಾನೂ ಒಬ್ಬ. 'ಫೋನಿನಲ್ಲೇ ಎಲ್ಲ ಬರುತ್ತಲ್ಲ, ಇದ್ಯಾಕೆ ಈ ಪುರಾತನ ಕಾಟ' ಅಂತ ಮೂಗು ಮುರಿಯೋರಿಗೋಸ್ಕರವೇ ಈ ಬರಹ. :-)

(ಮಿಂಚಂಚೆ, ಮಿಂಚೆ, ವಿ-ಅಂಚೆ, ಇ-ಅಂಚೆ... ಇದರಲ್ಲಿ ಯಾವುದು ಸರಿ ಅನ್ನೋ ಜಗಳ ನಮ್ಮಲ್ಲಿ ಹಿಂದೆ ಎಷ್ಟು ಸಲ ಆಗಿದೆಯೋ ಲೆಕ್ಕವಿಲ್ಲ. ತಲೆಬರಹದಲ್ಲಿ ಮಿಂಚಂಚೆಗೆ ಗೌರವ ಸಲ್ಲಿಸಿಯಾಗಿದೆ. ಇನ್ಮುಂದೆ ಸುಮ್ನೆ ಮೇಲ್ ಅಂತೀನಿ, ಕೋಪ ಬೇಡ.)

ಮೊದಲು ಆ ಅಂಕೆಗಳ ಕಥೆ. ಮೇಲ್ ಕಳಿಸೋಕೆ ಒಂದು ದಾರಿ, ತರಿಸ್ಕೊಳ್ಳೋಕೆ ಇನ್ನೊಂದು ದಾರಿ. ಕಳಿಸೋ ದಾರಿಯ ಹೆಸರು ಎಸ್‌ಎಂಟಿಪಿ. 1982ರಲ್ಲಿ ಜಾನ್ ಪೋಸ್ಟೆಲ್ ಬರೆದಿಟ್ಟ ನಿಯಮಾವಳಿ ಅದು. ಅಂಚೆಗೆ ಸಂಬಂಧಪಟ್ಟ ನಿಯಮ ಬರೆದವನ ಹೆಸರಿನಲ್ಲೇ ಪೋಸ್ಟ್ ಇರೋದು ನೋಡಿ, ಎಂಥ ಯೋಗಾಯೋಗ! ಇದು ರಸ್ತೆ ಬದಿಯ ಕೆಂಪು ಡಬ್ಬಿ ಇದ್ದ ಹಾಗೆ, ಹಾಕೋದಷ್ಟೇ, ತೆಗೆಯೋ ಹಾಗಿಲ್ಲ. ಬಂದ ಮೇಲ್ ತರಿಸ್ಕೊಳ್ಳೋಕೆ ಪಾಪ್, ಐಮ್ಯಾಪ್ ಅಂತ ಎರಡು ಪದ್ಧತಿಗಳಿವೆ. ಪಾಪ್ ಅಂದ್ರೆ ನಮ್ಮೂರ ಪೋಸ್ಟ್‌ಮ್ಯಾನ್. ಪತ್ರ ತಂದು ನಿಮ್ಮ ಕೈಗೆ ಕೊಟ್ಟು ಹೋಗ್ತಾನೆ, ಆಮೇಲೆ ಅಂಚೆ ಕಚೇರಿಯಲ್ಲಿ ಅದರ ಗುರುತೂ ಇರಲ್ಲ. ಐಮ್ಯಾಪ್ ಅಂದ್ರೆ ಪತ್ರ ಅಂಚೆ ಕಚೇರಿಯಲ್ಲೇ ಇರುತ್ತೆ, ನೀವು ಮನೆಯಿಂದ, ಆಫೀಸಿನಿಂದ, ಫೋನಿನಿಂದ, ಎಲ್ಲಿಂದ ಬೇಕಾದ್ರೂ ಹೋಗಿ ಅದೇ ಪತ್ರವನ್ನ ಓದಿ ಬರ್ತೀರಿ. ಐಮ್ಯಾಪನ್ನ ಸ್ಟ್ಯಾನ್‌ಫರ್ಡಿನಲ್ಲಿ ಮಾರ್ಕ್ ಕ್ರಿಸ್ಪಿನ್ 1986ರಲ್ಲಿ ರೂಪಿಸಿದ. ನಾವು ಡಯಲಪ್ ಮೋಡೆಮ್ಮಿನ ಕೀಚಲು ದನಿ ಕೇಳೋ ಹೊತ್ತಿಗಾಗಲೇ ಅದಕ್ಕೆ ಹತ್ತು ವರ್ಷ ಆಗಿತ್ತು, ಆದ್ರೂ ನಮ್ಮ ಕೈಗೆ ಸಿಕ್ಕಿದ್ದು ಪಾಪ್. ಕಾರಣ ಸರಳ. ಆಗ ನಿಮಿಷದ ಲೆಕ್ಕದಲ್ಲಿ ಫೋನ್ ಬಿಲ್ಲು, ಸರ್ವರಿನಲ್ಲಿ ಕೊಡ್ತಿದ್ದ ಜಾಗ ಐದೋ ಹತ್ತೋ ಎಂಬಿ. ಸಂಪರ್ಕ ಸಿಕ್ಕಿತಾ, ಎಲ್ಲ ಇಳಿಸ್ಕೋ, ಫೋನ್ ಇಡು. 2004ರ ಏಪ್ರಿಲ್ 1ಕ್ಕೆ ಜಿಮೇಲ್ ಒಂದು ಜಿಬಿ ಕೊಡ್ತೀವಿ ಅಂದಾಗ ಅದನ್ನ ಏಪ್ರಿಲ್ ಫೂಲ್ ಅಂದ್ಕೊಂಡವರು ಬಹಳ ಮಂದಿ.

ಪಾಪ್ ಅನ್ನೋ ಹೆಸರೇ ಪಾಪದ್ದು, ಅದನ್ನ ಮುಟ್ಟಬೇಡಿ, ಐಮ್ಯಾಪ್ ಹಾಕ್ಕೊಳ್ಳಿ ಅಂತ ಎಲ್ಲರೂ ಉಪದೇಶ ಮಾಡ್ತಾರೆ. ಉಪದೇಶ ಸರಿಯೇ. ಆದ್ರೆ ನಾನು ಕಣ್ಣಾರೆ ಕಂಡ ಒಂದು ಪ್ರಸಂಗ ಇದಕ್ಕೆ ಉಲ್ಟಾ.

ಹುಬ್ಬಳ್ಳಿಯಲ್ಲಿ ನಮ್ಮ ದೂರದ ನೆಂಟರೊಬ್ಬರ ಪ್ರೆಸ್ ಇದೆ. ಡೈರಿ, ಕ್ಯಾಲೆಂಡರು, ಲಗ್ನಪತ್ರಿಕೆ. 2012ರಲ್ಲಿ ಒಂದು ಸಂಸ್ಥೆಯವರು ಮುದ್ರಿಸಿಕೊಂಡ ಡೈರಿಗಳಿಗೆ ದುಡ್ಡು ಕೊಡಲ್ಲ ಅಂದ್ರು. ಮುಖಪುಟದ ಬಣ್ಣ ನಾವು ಒಪ್ಪಿದ್ದೇ ಅಲ್ಲ, ನಿಮ್ಮಿಷ್ಟಕ್ಕೆ ನೀವು ಹಾಕಿದ್ದೀರಿ ಅಂತ ತಕರಾರು. ಒಂದು ಲಕ್ಷದ ಎಂಬತ್ತು ಸಾವಿರದ ಬಾಬತ್ತು. ಆ ಸೈಜಿನ ಪ್ರೆಸ್ಸಿಗೆ ಅದು ಎರಡು ತಿಂಗಳ ಸಂಬಳ, ಕಾಗದದ ಅಂಗಡಿ ಸಾಲ, ಎಲ್ಲ ಸೇರಿದ ಮೊತ್ತ. 'ಕಲರ್ ಓಕೆ, ಪ್ರಿಂಟಿಗೆ ಹಾಕಿ' ಅಂತ ಅವರು ಮೇಲ್ ಹಾಕಿದ್ದು ಪ್ರೆಸ್ಸಿನವರಿಗೆ ಚೆನ್ನಾಗಿ ನೆನಪಿದೆ, ಆದ್ರೆ ಆ ಮೇಲ್ ಎಲ್ಲಿ? ವೆಬ್‌ಮೇಲ್ ತೆಗೆದ್ರೆ ಕಳೆದ ಮೂರು ತಿಂಗಳದ್ದು ಬಿಟ್ಟು ಏನೂ ಇಲ್ಲ. ಮೂರು ತಿಂಗಳ ಹಿಂದೆ ಹೊಸ ಕಂಪ್ಯೂಟರ್ ತಂದಿದ್ರು. ಹಳೇದು ಅಟ್ಟದ ಮೇಲೆ, ಮೂರು ವರ್ಷದ ಹಳೇ ಕ್ಯಾಲೆಂಡರುಗಳ ಕೆಳಗೆ.

ಅದನ್ನ ಇಳಿಸಿ, ಧೂಳು ಊದಿ, ಕೀಬೋರ್ಡು ಹಾಕಿ ಹಚ್ಚಿದ್ವಿ. ವಿಂಡೋಸ್ ಎಕ್ಸ್‌ಪಿ ಏಳುತ್ತಾ ಏಳುತ್ತಾ ಎದ್ದಿತು. ಔಟ್‌ಲುಕ್ ಎಕ್ಸ್‌ಪ್ರೆಸ್ ತೆರೆದ್ರೆ ಆರು ವರ್ಷದ ಪತ್ರವ್ಯವಹಾರ ಸಾಲಾಗಿ ಕೂತಿದೆ! ಪಾಪ್ ಎಲ್ಲವನ್ನೂ ಸರ್ವರಿನಿಂದ ಎತ್ತಿ ತಂದು ಈ ಒಂದೇ ಡಬ್ಬಿಯಲ್ಲಿ ಹಾಕಿ, ಅಲ್ಲಿ ಅಳಿಸಿ ಬಂದಿತ್ತು. ಬೇಕಾದ ಮೇಲ್ ಸಿಕ್ಕಿತು, ದಿನಾಂಕ, ಸಮಯ, ಹೆಡರ್ ಸಮೇತ. ಅದನ್ನ ಹಿಡಿದು ಒಂದು ಫೋಲ್ಡರಿಗೆ ಎಳೆದು ಬಿಟ್ರೆ ಪೂರ್ತಿ ಪತ್ರ ಹೆಡರ್ ಸಹಿತ ಒಂದು ಫೈಲಾಗಿ ಇಳೀತಿತ್ತು. ಔಟ್‌ಲುಕ್ ಎಕ್ಸ್‌ಪ್ರೆಸ್ಸಿನಲ್ಲಿ ನನಗೆ ಇಷ್ಟವಾಗ್ತಿದ್ದ ಕೆಲವೇ ಸಂಗತಿಗಳಲ್ಲಿ ಅದೊಂದು. ಅದರ ಪ್ರತಿ ನೋಡಿದ ಮೇಲೆ ಆ ಸಂಸ್ಥೆಯವರ ದನಿ ಇಳಿಯಿತು, ಎರಡು ಕಂತಿನಲ್ಲಿ ದುಡ್ಡೂ ಬಂತು.

ಹಾಗಾದ್ರೆ ಪಾಪ್ ಒಳ್ಳೇದಾಯ್ತಲ್ಲ ಅಂತೀರಾ? ಇಲ್ಲ. ಆ ಹಳೇ ಡಿಸ್ಕು ಅಟ್ಟದ ಮೇಲಿನ ಸೆಕೆಗೆ ಕೆಟ್ಟಿದ್ರೆ? ಗುಜರಿಯವನಿಗೆ ಹೋಗಿದ್ರೆ? ಆರು ವರ್ಷದ ವ್ಯವಹಾರ ಒಂದು ಡಿಸ್ಕಿನ ಕೃಪೆಯಲ್ಲಿತ್ತು. ಅದಕ್ಕೇ ಹೇಳೋದು, ಪಾಪ್ ಹಾಕ್ಕೊಂಡಿದ್ರೆ 'ಪ್ರತಿಯನ್ನು ಸರ್ವರಿನಲ್ಲಿ ಬಿಡು' ಅನ್ನೋ ಚೌಕಕ್ಕೆ ಟಿಕ್ ಹಾಕಿದೆಯಾ ಅಂತ ಇವತ್ತೇ ನೋಡಿ. ಎಷ್ಟು ದಿನ ಬಿಡಬೇಕು ಅಂತ ಅದರ ಪಕ್ಕದಲ್ಲೇ ಕೇಳುತ್ತೆ.

ಈಗ ಇನ್ನೊಂದು ತುದಿ. ಬೆಂಗಳೂರಿನ ಗೆಳೆಯ, ಒಂದೇ ಕಂಪನಿಯಲ್ಲಿ ಹನ್ನೊಂದು ವರ್ಷ. 2023ರಲ್ಲಿ ಒಂದು ಮಧ್ಯಾಹ್ನ ನಾಲ್ಕು ಗಂಟೆಗೆ ಮೀಟಿಂಗಿಗೆ ಕರೆದು ಕೆಲಸ ಇಲ್ಲ ಅಂದ್ರು. ಐದೂವರೆಗೆ ಖಾತೆ ಬಂದ್, ಲ್ಯಾಪ್‌ಟಾಪ್ ಬೀಗ, ಫೋನಿನಲ್ಲಿದ್ದ ಆಫೀಸಿನ ಮೇಲ್ ದೂರದಿಂದಲೇ ಒರೆಸಿ ಸ್ವಚ್ಛ. ಕಂಪನಿಯ ಕಾಗದಪತ್ರ ಅವನಿಗೆ ಬೇಕಿರಲಿಲ್ಲ ಬಿಡಿ. ಅಪ್ಪನ ಆಪರೇಷನ್ನಿನ ಇನ್ಶೂರೆನ್ಸ್ ಪತ್ರವ್ಯವಹಾರ ಪೂರ್ತಿ ಅಲ್ಲಿತ್ತು, ಯಾಕಂದ್ರೆ ಆ ಪಾಲಿಸಿ ಕಂಪನಿಯ ಮೂಲಕ ಬಂದಿದ್ದು, ವಿಳಾಸವೂ ಆಫೀಸಿನದೇ. ಅರ್ಧ ಕ್ಲೇಮು ಬಾಕಿ. ಹನ್ನೊಂದು ವರ್ಷದ ಫಾರಂ 16, ಸಂಬಳ ಏರಿಕೆಯ ಪತ್ರಗಳು, ಮಗಳ ಶಾಲೆಯ ಪ್ರವೇಶದ ಮೇಲ್‌ಗಳು, ಮನೆ ಸಾಲದ ಬ್ಯಾಂಕಿನವರ ಉತ್ತರಗಳು. ಕೆಲಸ ಹೋದ ದುಃಖ ಒಂದು ಕಡೆ, ಇನ್ಶೂರೆನ್ಸಿನವರು 'ನೀವು ಕಳಿಸಿದ ಮೇಲ್ ಫಾರ್ವರ್ಡ್ ಮಾಡಿ' ಅಂದಾಗ ಮಾಡೋಕೆ ಏನೂ ಇಲ್ಲದ ಸಂಕಟ ಇನ್ನೊಂದು ಕಡೆ. ಫಾರಂ 16 ಕೇಳಿ ಪಡೆದ. ಕ್ಲೇಮಿನ ಬಾಕಿ ಅರ್ಧಕ್ಕೆ ಆಸ್ಪತ್ರೆಯಿಂದ ಮತ್ತೆ ಎಲ್ಲ ಕಾಗದ ಎತ್ತಿಸಬೇಕಾಯ್ತು. ಆಸ್ಪತ್ರೆ ಇದ್ದಿದ್ದು ಶಿರಸಿಯಲ್ಲಿ, ಅವನು ಹೊಸ ಕೆಲಸ ಹುಡುಕ್ತಿದ್ದಿದ್ದು ಬೆಂಗಳೂರಿನಲ್ಲಿ.

ಇಲ್ಲಿ ಕಂಪನಿಯನ್ನ ಬಯ್ಯೋಕೆ ನಾನು ಹೊರಟಿಲ್ಲ. ಆಫೀಸಿನ ಮೇಲ್ ಆಫೀಸಿನದು. ಕೆಲಸ ಬಿಡೋ ದಿನ ಅಲ್ಲಿನ ಪತ್ರಗಳನ್ನೆಲ್ಲ ಚೀಲಕ್ಕೆ ತುಂಬ್ಕೊಂಡು ಬರೋದು ತಪ್ಪು, ಒಪ್ಪಂದದ ಪ್ರಕಾರವೂ ತಪ್ಪು. ಅದಕ್ಕೇ ಸೆಟ್ಟಿಂಗು ಮೊದಲ ದಿನವೇ ಸರಿ ಇರಬೇಕು ಅನ್ನೋದು. ಮೇಲ್ ತಂತ್ರಾಂಶದಲ್ಲಿ ಎರಡು ಖಾತೆ ಪಕ್ಕಪಕ್ಕ ಹಾಕ್ಕೊಳ್ಳೋಕೆ ಕಂಪನಿ ಬಿಟ್ರೆ ಹಾಕ್ಕೊಳ್ಳಿ, ಆಫೀಸಿನದೊಂದು, ಸ್ವಂತದ್ದೊಂದು. ಸಂಬಳದ ಚೀಟಿ, ಫಾರಂ 16, ನೇಮಕಾತಿ ಪತ್ರ, ಇನ್ಶೂರೆನ್ಸು, ಪಿಎಫ್ ಸಂಬಂಧದ್ದು, ಅಂದ್ರೆ 'ನೌಕರನಾದ ನಿಮಗೆ' ಅಂತ ಬಂದ ಪತ್ರಗಳು, ಬಂದ ದಿನವೇ ಸ್ವಂತ ಖಾತೆಗೆ ಹೋಗಲಿ. ಗಿರಾಕಿಯ ಪತ್ರ, ಪ್ರಾಜೆಕ್ಟಿನ ಪತ್ರ ಅಲ್ಲೇ ಇರಲಿ. ಮಗಳ ಶಾಲೆಗೆ ಆಫೀಸಿನ ವಿಳಾಸ ಕೊಡಲೇಬೇಡಿ. ಕಂಪನಿ ಬಿಡದಿದ್ರೆ, ಸ್ವಂತ ಖಾತೆ ಮನೆಯ ಕಂಪ್ಯೂಟರಿನಲ್ಲೇ ಇರಲಿ, ಏನೂ ನಷ್ಟವಿಲ್ಲ.

ಎರಡು ಖಾತೆ ಹಾಕಿದ ಮೇಲೆ ಒಂದು ಅಪಾಯ ಉಂಟು. ಭಾವನಿಗೆ ಬರೆದ ಪತ್ರ ಆಫೀಸಿನ ವಿಳಾಸದಿಂದ ಹೋಗೋದು, ಬಾಸಿಗೆ ಬರೆದದ್ದು ಕಾಲೇಜು ಕಾಲದ ಆ ವಿಚಿತ್ರ ವಿಳಾಸದಿಂದ ಹೋಗೋದು. ತಂಡರ್‌ಬರ್ಡಿನಲ್ಲಿ ಪ್ರತಿ ಖಾತೆಗೂ ಬೇರೆ ಬಣ್ಣ ಕೊಡೋಕೆ, ಬೇರೆ ಸಹಿ ಇಡೋಕೆ ಬರುತ್ತೆ. ಬರೆಯೋ ಕಿಟಕಿಯಲ್ಲಿ ಸಹಿ ನೋಡಿದ್ರೇ ಗೊತ್ತಾಗುತ್ತೆ ಯಾವ ಮನೆಯಿಂದ ಹೊರಟಿದೆ ಅಂತ.

ಸರಿ, ಯಾವ ತಂತ್ರಾಂಶ? ನನ್ನ ಪಕ್ಷಪಾತ ಈಗಾಗಲೇ ಗೊತ್ತಾಗಿರ್ಬೇಕು. ತಂಡರ್‌ಬರ್ಡ್ 1.0 ಬಂದಿದ್ದು 2004ರ ಡಿಸೆಂಬರಿನಲ್ಲಿ, ಇವತ್ತಿಗೂ ಉಚಿತ, ಮುಕ್ತ ತಂತ್ರಾಂಶ. ನಡುವೆ ಅದು ಸತ್ತೇ ಹೋಯ್ತು ಅಂತ ಎಷ್ಟೋ ಸಲ ಶ್ರದ್ಧಾಂಜಲಿ ಬರೆದ್ರು, 2023ರಲ್ಲಿ ಹೊಸ ವೇಷ ಹಾಕ್ಕೊಂಡು ಎದ್ದು ಕೂತಿತು, 2024ರಲ್ಲಿ ಆಂಡ್ರಾಯ್ಡಿಗೂ ಬಂತು. ಅದಕ್ಕಿಂತ ಹಿಂದೆ ಯೂಡೋರಾ ಅಂತ ಒಂದಿತ್ತು, ನೆನಪಿದೆಯಾ? 1988ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಸ್ಟೀವ್ ಡಾರ್ನರ್ ಬರೆದಿದ್ದು. ಅಂಚೆ ಕಚೇರಿಯಲ್ಲೇ ವಾಸ ಹೂಡಿದ ಹೆಂಗಸೊಬ್ಬಳ ಕಥೆ ಬರೆದ ಅಮೆರಿಕದ ಲೇಖಕಿ ಯೂಡೋರಾ ವೆಲ್ಟಿಯ ಹೆಸರನ್ನ ಅದಕ್ಕೆ ಇಟ್ಟಿದ್ದ. ತಂತ್ರಾಂಶಕ್ಕೆ ಕಥೆಗಾರ್ತಿಯ ಹೆಸರು! ನಮ್ಮಲ್ಲಿ ಯಾರಾದ್ರೂ ಒಂದು ಮೇಲ್ ತಂತ್ರಾಂಶಕ್ಕೆ ತ್ರಿವೇಣಿ ಅಂತ ಹೆಸರಿಟ್ಟಿದ್ರೆ ಹೇಗಿರ್ತಿತ್ತು ಅಂತ ಯೋಚಿಸ್ತಿರ್ತೀನಿ.

ಇನ್ನು ಆ ಚೀಟಿಯಲ್ಲಿನ ಸೆಟ್ಟಿಂಗಿನ ವಿಷಯ. ಹೆಸರು, ವಿಳಾಸ, ಪಾಸ್‌ವರ್ಡು ಕೊಟ್ರೆ ತಂತ್ರಾಂಶ ತಾನೇ ಸರ್ವರ್ ಹುಡುಕ್ಕೊಳ್ಳುತ್ತೆ. ದೊಡ್ಡ ಕಂಪನಿಗಳ ಖಾತೆಗಳಲ್ಲಿ ಇಷ್ಟಕ್ಕೇ ಕೆಲಸ ಮುಗೀತು. ಚಿಕ್ಕ ಆಫೀಸು, ಟ್ರಸ್ಟು, ಪ್ರೆಸ್ಸು, ಆಡಿಟರ ಕಚೇರಿ, ಇಂಥ ಕಡೆ ಅಗ್ಗದ ಹೋಸ್ಟಿಂಗಿನಲ್ಲಿ ಮೇಲ್ ಇಟ್ಟಿರ್ತಾರೆ ನೋಡಿ, ತಿಣುಕಾಟ ಅಲ್ಲಿ. ಮೊದಲ ಮುಳ್ಳು ಯೂಸರ್‌ನೇಮ್. ತಂತ್ರಾಂಶ ವಿಳಾಸದ ಮೊದಲ ಭಾಗವನ್ನಷ್ಟೇ ಹಾಕಿ ಕೂರುತ್ತೆ, ಸರ್ವರಿಗೆ ಪೂರ್ತಿ ವಿಳಾಸ ಬೇಕು. ಪಾಸ್‌ವರ್ಡು ತಪ್ಪು, ತಪ್ಪು ಅಂತ ಬೊಬ್ಬೆ ಹೊಡೆಯೋದು ಕೇಳಿ ಜನ ಪಾಸ್‌ವರ್ಡನ್ನ ನಾಲ್ಕು ಸಲ ಬದಲಾಯಿಸ್ತಾರೆ, ತಪ್ಪಿರೋದು ಮೇಲಿನ ಸಾಲಿನಲ್ಲಿ.

ಎರಡನೇದು ಹೊರಹೋಗೋ ದಾರಿ. ಒಳಗೆ ಬರುತ್ತೆ, ಹೊರಗೆ ಹೋಗಲ್ಲ. ನೋಡಿದ್ರೆ ಪೋರ್ಟ್ 25 ಅಂತ ಇರುತ್ತೆ. ಅದು ಸರ್ವರು ಸರ್ವರು ಮಾತಾಡ್ಕೊಳ್ಳೋ ಬಾಗಿಲು, ಕಸದ ಮೇಲ್ ಕಳಿಸೋರ ಕಾಟಕ್ಕೆ ಎಷ್ಟೋ ಇಂಟರ್ನೆಟ್ ಕಂಪನಿಗಳು ಅದನ್ನ ಮುಚ್ಚಿರ್ತಾರೆ. ನಮ್ಮಂಥವರಿಗೆ ಇರೋದು 587 ಅಥವಾ 465. 2018ರಲ್ಲಿ ಬಂದ ಶಿಫಾರಸಿನ ಪ್ರಕಾರ, ಮೊದಲ ಕ್ಷಣದಿಂದಲೇ ಗೂಢಲಿಪಿಯಲ್ಲಿ ಮಾತಾಡೋ 465, ಹಾಗೇ ಐಮ್ಯಾಪಿಗೆ 993, ಪಾಪಿಗೆ 995. ಹಳೇ ಚೀಟಿಯಲ್ಲಿ 110, 143 ಅಂತ ಇದ್ದು, ಪಕ್ಕದಲ್ಲಿ ಗೂಢಲಿಪಿ ಇಲ್ಲ ಅಂತಿದ್ರೆ, ದಯವಿಟ್ಟು ಹಾಗೇ ಬಿಡಬೇಡಿ. ಹೋಟೆಲ್ಲಿನ ವೈಫೈನಲ್ಲಿ ಕೂತು ಅದನ್ನ ಬಳಸೋದು ಅಂದ್ರೆ ಪಾಸ್‌ವರ್ಡನ್ನ ಇನ್‌ಲ್ಯಾಂಡ್ ಲೆಟರಲ್ಲ, ಕಾರ್ಡಿನ ಮೇಲೆ ಬರೆದು ಕಳಿಸಿದ ಹಾಗೆ.

ಮೂರನೇದು ನನಗೆ ಸಿಟ್ಟು ಬರಿಸೋದು. 'ಈ ಸರ್ವರಿನ ಪ್ರಮಾಣಪತ್ರ ಬೇರೆ ಹೆಸರಿನಲ್ಲಿದೆ, ಆದರೂ ಮುಂದುವರಿಯಲೇ' ಅಂತ ಕಿಟಕಿ ಬರುತ್ತೆ. ಚಿಕ್ಕ ಆಫೀಸುಗಳಲ್ಲಿ ಕಂಪ್ಯೂಟರ್ ರಿಪೇರಿಗೆ ಬರೋ ಹುಡುಗರು ಕಣ್ಣು ಮುಚ್ಚಿ ಹೌದು ಅಂತ ಒತ್ತಿ, ಇದೆಲ್ಲ ಹಾಗೇ ಬರುತ್ತೆ ಸರ್ ಅಂತ ಪಾಠವನ್ನೂ ಹೇಳಿ ಹೋಗ್ತಾರೆ. ಆಮೇಲೆ ನಿಜವಾಗ್ಲೂ ಯಾರೋ ನಡುವೆ ಕೂತು ಕದ್ದು ಕೇಳೋ ದಿನ ಬಂದ್ರೂ ಅದೇ ಕಿಟಕಿ ಬರುತ್ತೆ, ಆಫೀಸಿನವರು ಅದೇ ಪಾಠದ ಪ್ರಕಾರ ಹೌದು ಅಂತಾರೆ. ನಿಜವಾದ ಕಾರಣ ಬಹಳ ಸಲ ಸಣ್ಣದು. ಒಂದೇ ಸರ್ವರಿನಲ್ಲಿ ನೂರಾರು ಗಿರಾಕಿಗಳನ್ನ ಇಟ್ಟಿರೋದ್ರಿಂದ ಪ್ರಮಾಣಪತ್ರ ಹೋಸ್ಟಿಂಗಿನವರ ಹೆಸರಿನಲ್ಲಿರುತ್ತೆ, ನಮ್ಮ ಡೊಮೇನಿನ ಹೆಸರಿನಲ್ಲಿರಲ್ಲ. ಅವರಿಗೆ ಫೋನ್ ಮಾಡಿ ಸರ್ವರಿನ ಅಸಲಿ ಹೆಸರು ಕೇಳಿ ಹಾಕಿದ್ರೆ ಕಿಟಕಿಯೂ ಇಲ್ಲ, ಪಾಠವೂ ಇಲ್ಲ.

ಪಾಸ್‌ವರ್ಡು ಸರಿ ಇದ್ರೂ ಒಳಗೆ ಬಿಡದ ಇನ್ನೊಂದು ಕಾಲ ಬಂದಿದೆ. ಬರೀ ಹೆಸರು-ಪಾಸ್‌ವರ್ಡು ಕೊಟ್ಟು ಹೊರಗಿನ ತಂತ್ರಾಂಶ ಒಳಹೋಗೋದನ್ನ ಗೂಗಲ್ 2022ರಲ್ಲಿ ಸ್ವಂತ ಖಾತೆಗಳಿಗೆ, 2025ರಲ್ಲಿ ಕಂಪನಿಗಳ ಖಾತೆಗಳಿಗೂ ನಿಲ್ಲಿಸಿತು. ಮೈಕ್ರೋಸಾಫ್ಟ್ ಕಂಪನಿಗಳ ಖಾತೆಗಳಲ್ಲಿ 2022ರ ಅಕ್ಟೋಬರಿನಿಂದ ಐಮ್ಯಾಪ್, ಪಾಪುಗಳಿಗೆ ಅದನ್ನ ಮುಚ್ಚುತ್ತಾ ಬಂತು. ಈಗ ಓಆತ್ ಅನ್ನೋ ಪದ್ಧತಿ. ತಂತ್ರಾಂಶ ಒಂದು ಬ್ರೌಸರ್ ಕಿಟಕಿ ತೆರೆಯುತ್ತೆ, ನೀವು ಅಲ್ಲಿ ಲಾಗಿನ್ ಆಗ್ತೀರಿ, ತಂತ್ರಾಂಶದ ಕೈಗೆ ಪಾಸ್‌ವರ್ಡು ಸಿಗಲ್ಲ, ಒಂದು ಟೋಕನ್ ಸಿಗುತ್ತೆ. ಚಪ್ಪಲಿ ಬಿಟ್ಟು ಟೋಕನ್ ತಗೊಂಡು ದೇವಸ್ಥಾನದೊಳಗೆ ಹೋದ ಹಾಗೆ. ಇದು ಒಳ್ಳೆ ಬದಲಾವಣೆ. ಹತ್ತು ವರ್ಷದ ಹಿಂದಿನ ಮೇಲ್ ತಂತ್ರಾಂಶ ಇಟ್ಕೊಂಡವರಿಗೆ ಮಾತ್ರ ಬಾಗಿಲು ಮುಚ್ಚಿತು. ಗೂಗಲ್ಲಿನಲ್ಲಾದ್ರೆ ಎರಡು ಹಂತದ ತಪಾಸಣೆ ಹಾಕ್ಕೊಂಡು 16 ಅಕ್ಷರದ ಆಪ್ ಪಾಸ್‌ವರ್ಡ್ ಪಡೆಯೋ ಹಿತ್ತಿಲ ದಾರಿ ಇದೆ, ನಿಮ್ಮ ಆಫೀಸಿನವರು ಅದನ್ನ ಮುಚ್ಚಿರದಿದ್ರೆ.

ಪಾಸ್‌ವರ್ಡಿನ ಮಾತು ಬಂದಿದ್ದಕ್ಕೆ ಇದನ್ನ ಹೇಳ್ಲೇಬೇಕು. ವಿಂಡೋಸಿನ ಜತೆ ಬರ್ತಿದ್ದ ಹಳೇ ಮೇಲ್ ಆ್ಯಪಿಗೆ ಮೈಕ್ರೋಸಾಫ್ಟ್ 2024ರ ಕೊನೆಗೆ ತಿಲಾಂಜಲಿ ಕೊಟ್ಟು, ಹೊಸ ಔಟ್‌ಲುಕ್ಕಿಗೆ ಎಲ್ಲರನ್ನೂ ತಳ್ಳಿತು. ನೋಡೋಕೆ ಅದು ಗಣಕದೊಳಗಿನ ತಂತ್ರಾಂಶದ ಹಾಗೇ ಇದೆ. ಆದ್ರೆ ನಿಮ್ಮ ಬೇರೆ ಕಡೆಯ ಐಮ್ಯಾಪ್ ಖಾತೆಯನ್ನ ಅದಕ್ಕೆ ಸೇರಿಸಿದ್ರೆ ಮೇಲ್ ನೇರ ನಿಮ್ಮ ಸರ್ವರಿನಿಂದ ನಿಮ್ಮ ಗಣಕಕ್ಕೆ ಬರಲ್ಲ, ಮೈಕ್ರೋಸಾಫ್ಟಿನ ಮೋಡದ ಮೂಲಕ ಸುತ್ತಿ ಬರುತ್ತೆ. ಖಾತೆಯ ಹೆಸರು, ಪಾಸ್‌ವರ್ಡೂ ಅವರ ಸರ್ವರಿಗೆ ಹೋಗುತ್ತೆ ಅಂತ ಜರ್ಮನಿಯ ಹೈಸೆ 2023ರ ನವೆಂಬರಿನಲ್ಲಿ ಬರೆದಾಗ ಯೂರೋಪಿನಲ್ಲಿ ದೊಡ್ಡ ಗಲಾಟೆಯಾಯ್ತು. ನಮ್ಮಲ್ಲಿ ಸುದ್ದಿಯೇ ಆಗಲಿಲ್ಲ. ನಿಮ್ಮ ಆಫೀಸಿನ ಮೇಲ್ ಮೊದಲೇ ಮೈಕ್ರೋಸಾಫ್ಟಿನದಾದ್ರೆ ಇದರಿಂದ ಹೆಚ್ಚು ವ್ಯತ್ಯಾಸವಿಲ್ಲ. ಆದ್ರೆ ಒಬ್ಬ ವಕೀಲರು, ಡಾಕ್ಟರು, ಆಡಿಟರು ತಮ್ಮ ಗಿರಾಕಿಗಳ ಗುಟ್ಟು ತಮ್ಮ ಸರ್ವರಿನಲ್ಲಿದೆ ಅಂದ್ಕೊಂಡು, ಎರಡು ಕ್ಲಿಕ್ಕಿನಲ್ಲಿ ಕೀಲಿಕೈಯನ್ನ ಮೂರನೆಯವರ ಕೈಗೆ ಕೊಡೋದು ನನಗೆ ಸರಿ ಕಾಣಲ್ಲ.

ಇಷ್ಟೆಲ್ಲ ಮಾಡಿ ಐಮ್ಯಾಪ್ ಹಾಕ್ಕೊಂಡ್ರೆ ಬಚಾವಾ? ಇಲ್ಲಿ ಬಹಳ ಜನಕ್ಕೆ ಒಂದು ಭ್ರಮೆ. ಮೇಲ್ ಸರ್ವರಿನಲ್ಲೂ ಇದೆ, ನನ್ನ ಗಣಕದಲ್ಲೂ ಇದೆ, ಹಾಗಾಗಿ ಎರಡು ಪ್ರತಿ ಇದೆ ಅಂತ. ಇಲ್ಲ ಸಾರ್, ಅದು ಒಂದೇ ಪ್ರತಿ, ಇನ್ನೊಂದು ಕನ್ನಡಿ. ಜಾಗ ತುಂಬಿತು ಅಂತ ಫೋನಿನಲ್ಲಿ ಕೂತು ಎರಡು ವರ್ಷದ ಮೇಲ್ ಅಳಿಸಿದ್ರೆ, ಆಫೀಸಿನ ನಾಲ್ಕೂ ಕಂಪ್ಯೂಟರಿನಲ್ಲಿ ಮುಂದಿನ ಸಲ ತೆರೆದಾಗ ಅಷ್ಟೂ ಮಾಯ. ಕನ್ನಡಿ ತನ್ನ ಕೆಲಸ ತಾನು ಸರಿಯಾಗಿ ಮಾಡಿತು ಅಷ್ಟೆ. ನಿಜವಾದ ಎರಡನೇ ಪ್ರತಿ ಬೇಕಂದ್ರೆ ತಂಡರ್‌ಬರ್ಡಿನಲ್ಲಿ ಕೆಳಗಡೆ ಲೋಕಲ್ ಫೋಲ್ಡರ್ಸ್ ಅಂತ ಇರುತ್ತಲ್ಲ, ಯಾರೂ ಮುಟ್ಟದ ಆ ಅನಾಥ ಪೆಟ್ಟಿಗೆ, ಅದರೊಳಗೆ ನಕಲು ಮಾಡಬೇಕು. ಸರಿಸೋದಲ್ಲ, ನಕಲು. ವರ್ಷಕ್ಕೊಂದು ಫೋಲ್ಡರು ಮಾಡಿ ಯುಗಾದಿಗೋ ಮಾರ್ಚ್ ಲೆಕ್ಕ ಮುಗಿಸುವಾಗಲೋ ಹಾಕಿಟ್ರೆ ಸಾಕು. ಆ ಪೆಟ್ಟಿಗೆ ಇರೋ ಪ್ರೊಫೈಲ್ ಫೋಲ್ಡರನ್ನ ಹೊರಗಿನ ಡಿಸ್ಕಿಗೂ ಒಂದು ಸಲ ಎತ್ತಿಡಿ. ಪ್ರೆಸ್ಸು, ಟ್ರಸ್ಟು ನಡೆಸೋರಿಗೆ ಇದನ್ನ ನಾನು ಒತ್ತಿ ಹೇಳ್ತೀನಿ. ಕಂಪನಿಯ ನೌಕರರಾದ್ರೆ ಮೊದಲು ನಿಮ್ಮಲ್ಲಿನ ನಿಯಮ ನೋಡ್ಕೊಳ್ಳಿ.

ತಂಡರ್‌ಬರ್ಡ್ ಈ ಪೆಟ್ಟಿಗೆಯನ್ನ ಇಡೋದು ಎಂಬಾಕ್ಸ್ ಅನ್ನೋ ಸಾದಾ ಪಠ್ಯದ ಫೈಲಿನಲ್ಲಿ. ಯೂನಿಕ್ಸ್ ಕಾಲದ ಪದ್ಧತಿ. ನಾಳೆ ತಂಡರ್‌ಬರ್ಡೇ ಇಲ್ಲವಾದ್ರೂ ಅದನ್ನ ಓದೋಕೆ ಯಾವುದೋ ಒಂದು ತಂತ್ರಾಂಶ ಇದ್ದೇ ಇರುತ್ತೆ. ಔಟ್‌ಲುಕ್ಕಿನ ಹಳೇ ಪಿಎಸ್‌ಟಿ ಫೈಲುಗಳು ಎರಡು ಜಿಬಿ ಮುಟ್ಟಿದ ಕೂಡ್ಲೇ ಕೆಟ್ಟು, ಮೈಕ್ರೋಸಾಫ್ಟಿನವರೇ ಕೊಟ್ಟ ಕತ್ತರಿಯಲ್ಲಿ ತುದಿ ಕತ್ತರಿಸಿ ಬದುಕಿಸ್ಕೊಳ್ತಿದ್ದ ಕಾಲ ನೆನೆದ್ರೆ ಇವತ್ತಿಗೂ ಬೆವರು. 2003ರ ಔಟ್‌ಲುಕ್ಕಿನಿಂದ ಆ ಮಿತಿ ಹೋಯ್ತು ಅನ್ನಿ.

ಗಣಕದೊಳಗೇ ಮೇಲ್ ಇಟ್ಕೊಂಡ್ರೆ ಗಣಕ ಕಳುವಾದ್ರೆ ಏನ್ಮಾಡ್ತೀರಿ ಅಂತ ಬ್ರೌಸರ್ ಪಕ್ಷದವರು ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಡಿಸ್ಕನ್ನ ಗೂಢಲಿಪಿಯಲ್ಲಿಡದೆ ಮೇಲ್ ಇಳಿಸ್ಕೊಳ್ಳೋದು ಬೀಗ ಇಲ್ಲದ ಬೀರು. ಬಿಟ್‌ಲಾಕರ್ ಥರದ್ದು ಹಾಕಿ, ಅದರ ರಿಕವರಿ ಕೀಲಿಯನ್ನ ಕಾಗದದಲ್ಲಿ ಬರೆದು ಬೇರೆ ಕಡೆ ಇಟ್ಟು ಆಮೇಲೆ ಮಾತಾಡೋಣ.

ಬ್ರೌಸರಿನವರಿಗೆ ನನ್ನದೂ ಒಂದು ಮರುಪ್ರಶ್ನೆ ಇದೆ. 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನಿಂದ ಊರಿಗೆ ಬಂದು ಮನೆಯಿಂದ ಕೆಲಸ ಮಾಡಿದ ಮಲೆನಾಡಿನ ಹುಡುಗ ಹುಡುಗಿಯರು ಸಿಗ್ನಲ್ಲಿಗೋಸ್ಕರ ಗುಡ್ಡ ಹತ್ತಿದ್ದು, ಮರ ಹತ್ತಿದ್ದು, ರಸ್ತೆ ಬದಿ ತಾಡಪಾಲು ಕಟ್ಟಿದ್ದು ಎಲ್ಲ ಪತ್ರಿಕೆಗಳಲ್ಲಿ ಬಂತು. ನಮ್ಮ ಚಿಕ್ಕಪ್ಪನ ಮಗಳೂ ಹಾಗೇ ಬಂದಿದ್ದಳು, ಹೊಸನಗರದ ಕಡೆ. ಬೆಳಗ್ಗೆ ಜಗಲಿಯಲ್ಲಿ ಕೂತು ಬಂದ ಮೇಲ್‌ಗೆಲ್ಲ ಉತ್ತರ ಬರೆಯೋಳು, ಅವು ಔಟ್‌ಬಾಕ್ಸಿನಲ್ಲಿ ಕೂತಿರೋವು. ಮಧ್ಯಾಹ್ನ ಮಳೆ ಬಿಟ್ಟಾಗ ಲ್ಯಾಪ್‌ಟಾಪ್ ಚೀಲದಲ್ಲಿ ಹಾಕ್ಕೊಂಡು ಗುಡ್ಡದ ತುದಿಗೆ ಹೋಗಿ ಫೋನಿನ ಹಾಟ್‌ಸ್ಪಾಟಿಗೆ ಸೇರಿಸಿದ್ರೆ ಐದು ನಿಮಿಷದಲ್ಲಿ ಮೂವತ್ತು ಹೋಗಿ ನಲವತ್ತು ಬಂದು ಮುಗೀತು, ಉಂಬಳ ಹತ್ತೋ ಮುಂಚೆ ವಾಪಸ್ಸು. ಬ್ರೌಸರನ್ನೇ ನಂಬಿದ ಅವಳ ಪಕ್ಕದ ಮನೆ ಹುಡುಗ ದಿನವಿಡೀ ಗುಡ್ಡದ ಮೇಲೆ ಕೊಡೆ ಹಿಡಿದು ಕೂರ್ತಿದ್ದ. ಒಂದು ಸಣ್ಣ ಲೆಕ್ಕವನ್ನೂ ಅವಳು ಕಲಿತಿದ್ದಳು. ಲಗತ್ತಿಸಿದ ಫೈಲು ದಾರಿಯಲ್ಲಿ ಮೂರಕ್ಕೆ ನಾಲ್ಕಾಗಿ ಊದಿಕೊಳ್ಳುತ್ತೆ, ಹಾಗಾಗಿ 25 ಎಂಬಿ ಮಿತಿ ಅಂದ್ರೆ 18ರ ಆಸುಪಾಸಿನಲ್ಲೇ ನಿಲ್ಲಬೇಕು. ಗುಡ್ಡದ ಮೇಲಿನ ಡೇಟಾಕ್ಕೆ ಅದೂ ಲೆಕ್ಕವೇ.

ಆ ಊದಿಕೊಳ್ಳೋದರ ಹಿಂದೆ ನಮ್ಮ ಕನ್ನಡದ ಕಥೆಯೂ ಇದೆ. 1982ರ ಎಸ್‌ಎಂಟಿಪಿಗೆ ಗೊತ್ತಿದ್ದದ್ದು ಇಂಗ್ಲಿಷಿನ ಅಕ್ಷರಗಳು ಮಾತ್ರ. ಉಳಿದದ್ದನ್ನೆಲ್ಲ ಇಂಗ್ಲಿಷಿನ ವೇಷ ಹಾಕಿಸಿ ಕಳಿಸೋ ಮೈಮ್ ಪದ್ಧತಿ ಬಂದಿದ್ದು 1992ರಲ್ಲಿ. 'ಕನ್ನಡ' ಅನ್ನೋ ಪದವನ್ನೇ ತಗೊಳ್ಳಿ. ಯೂನಿಕೋಡಿನಲ್ಲಿ ಐದು ಸಂಕೇತ, ಯುಟಿಎಫ್-8ರಲ್ಲಿ 15 ಬೈಟು, ಒಂದು ಥರದ ವೇಷದಲ್ಲಿ 20 ಅಕ್ಷರ, ಇನ್ನೊಂದು ಥರದ ವೇಷದಲ್ಲಿ ಬರೋಬ್ಬರಿ 45! ಆ ಕಡೆಯವರ ತಂತ್ರಾಂಶಕ್ಕೆ ವೇಷ ಕಳಚೋಕೆ ಬಂದ್ರೆ ಕನ್ನಡ, ಇಲ್ಲಾಂದ್ರೆ ಬರೀ ಸಮ ಚಿಹ್ನೆಗಳ ಜಾತ್ರೆ. ಔಟ್‌ಲುಕ್ ಎಕ್ಸ್‌ಪ್ರೆಸ್ಸಿನಲ್ಲಿ ಕನ್ನಡದಲ್ಲಿ ಬರೆದು ಕಳಿಸು ಅಂದ್ರೆ 'ಯೂನಿಕೋಡಿನಲ್ಲಿ ಕಳಿಸಲೋ, ಹೀಗೇ ಕಳಿಸಲೋ' ಅಂತ ಕೇಳ್ತಿತ್ತು. 'ಹೀಗೇ' ಅಂದವರ ಪತ್ರ ಆ ಕಡೆ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳಾಗಿ ತಲುಪ್ತಿತ್ತು. ನಿಮ್ಮಲ್ಲಿ ಎಷ್ಟು ಜನಕ್ಕೆ ಆ ಪ್ರಶ್ನೆಗಳ ಪತ್ರ ಬಂದಿದೆಯೋ!

ಈಗ ಆ ತೊಂದರೆ ಇಲ್ಲ. ಹಾಗಾಗಿ ಖಾತೆ ಹಾಕುವಾಗ 'ನಿಮ್ಮ ಹೆಸರು' ಅಂತ ಕೇಳಿದ ಕಡೆ ಕನ್ನಡದಲ್ಲೇ ಹಾಕಿ ಅಂತ ನನ್ನ ಒತ್ತಾಯ. ಕನಿಷ್ಠ ಕರ್ನಾಟಕದೊಳಗೆ ಪತ್ರ ಬರೆಯೋ ಖಾತೆಯಲ್ಲಿ. ಪ್ರೆಸ್ಸಿನವರ ಖಾತೆಯಲ್ಲಿ ಹಾಗೇ ಹಾಕಿದ್ದೀವಿ, ಬ್ಯಾಂಕಿನವರಿಗೂ, ಮುಂಬಯಿಯ ಕಾಗದದ ವ್ಯಾಪಾರಿಗೂ ಸರಿಯಾಗಿಯೇ ಕಾಣುತ್ತೆ. ಮುಂಬಯಿಯವರು ಮೊದಲ ಸಲ ಇದ್ಯಾವ ಲಿಪಿ ಅಂತ ಕೇಳಿದ್ರಂತೆ, ಈಗ ಪಟ್ಟಿಯಲ್ಲಿ ಅಕ್ಷರದ ಆಕಾರ ನೋಡಿಯೇ ಹುಬ್ಬಳ್ಳಿಯವರ ಮೇಲ್ ಅಂತ ಗುರುತು ಹಿಡೀತಾರೆ.

ಅಟ್ಟದಿಂದ ಇಳಿಸಿದ ಆ ಹಳೇ ಡಬ್ಬಿಯ ಪತ್ರಗಳನ್ನ ಒಂದು ದಿನ ಪೂರ್ತಿ ಎಳೆದೆಳೆದು ಫೈಲು ಮಾಡಿ, ತಂಡರ್‌ಬರ್ಡಿನ ಲೋಕಲ್ ಫೋಲ್ಡರಿಗೆ ಹಾಕಿದ್ದೀವಿ. ಇಂಗ್ಲಿಷಿನವು ಚೆನ್ನಾಗಿ ಬಂದಿವೆ. ಕನ್ನಡದವು ಮಾತ್ರ ಯೂನಿಕೋಡಲ್ಲ, ಆಗಿನ ನುಡಿ, ಬರಹ ಅಕ್ಷರಗಳಲ್ಲಿ ಬರೆದವು, ಫಾಂಟು ಇಲ್ಲದೆ ನೋಡಿದ್ರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಪರಿವರ್ತಕಗಳಿವೆ, ಆದ್ರೆ ಪೆಟ್ಟಿಗೆಗೆ ಪೆಟ್ಟಿಗೆಯನ್ನೇ ಹಾಕಿದ್ರೆ ವಿಳಾಸ, ಹೆಡರು ಎಲ್ಲವನ್ನೂ ಕನ್ನಡ ಅಂದ್ಕೊಂಡು ಕಲಸಿಬಿಡ್ತಾವೆ. ಹಾಗಾಗಿ ಭಾನುವಾರ ಭಾನುವಾರ ಒಂದೊಂದೇ ಪತ್ರದ ಒಡಲು ಎತ್ತಿ, ಪರಿವರ್ತಿಸಿ, ಪಕ್ಕದಲ್ಲಿ ಇಡ್ತಾ ಇದ್ದೀನಿ. 2007 ಮುಗಿದಿದೆ. 2008ರಲ್ಲಿ ಯಾರದೋ ಲಗ್ನಪತ್ರಿಕೆಯ ಕರಡು ತಿದ್ದಿದ್ದೇ ಹದಿನಾಲ್ಕು ಮೇಲ್ ಇದೆ, ಪ್ರತಿ ಸಲವೂ ಸೋದರಮಾವನ ಹೆಸರಿನ ಕಾಗುಣಿತ ತಪ್ಪು.